ಟ್ರೌಟ್ ಮೀನಿನ ಊಟದ ಹೊತ್ತು



ನಿಮ್ಮ ಅಂಗೈಯನ್ನು ಒಮ್ಮೆ ಚಾಚಿ. ಅದರ ಮೇಲೆ ಒಂದು ಅಕ್ಕಿಕಾಳು ಇದೆ ಎಂದುಕೊಳ್ಳಿ. ಈಗ ಕಾಳಿನ ಜಾಗದಲ್ಲಿ ಅಷ್ಟೇ ಉದ್ದದ ಒಂದು ಗಾಳ ಇಡಿ. ಗಾಳದ ಮೈಗೆ ನವಿಲುಗರಿಯ ಒಂದು ಎಳೆ ಸುತ್ತಿದೆ. ಕತ್ತಿನ ಬಳಿ ಹುಂಜದ ಗರಿಯನ್ನು ಎರಡು ಸುತ್ತು ಸುತ್ತಿ ಕಟ್ಟಿದ್ದಾರೆ. ಗರಿಯ ಕೂದಲುಗಳು ಬಂಡಿಚಕ್ರದ ಅರಗಳ ಹಾಗೆ ಸುತ್ತಲೂ ಸೆಟೆದು ನಿಂತಿವೆ. ಹಿಂದೆ ಮೂರು ನಾಲ್ಕು ಎಳೆಯ ಬಾಲ. ಊದಿದರೆ ಹಾರಿಹೋಗುತ್ತದೆ, ಅಷ್ಟು ಹಗುರ. ಇದು ಟ್ರೌಟ್ ಮೀನು ಹಿಡಿಯುವವರ ನೊಣ. ಇಂಗ್ಲಿಷಿನಲ್ಲಿ ಫ್ಲೈ ಎನ್ನುತ್ತಾರೆ. ನಾನು ನೊಣ ಎಂದೇ ಕರೆಯುತ್ತೇನೆ.

ನಮ್ಮ ಕೆರೆ ಹೊಳೆಗಳಲ್ಲಿ ಗಾಳ ಹಾಕುವವರು ಎರೆಹುಳು ಸಿಕ್ಕಿಸುತ್ತಾರೆ. ರಾಗಿಹಿಟ್ಟಿನ ಉಂಡೆ ಸಿಕ್ಕಿಸುತ್ತಾರೆ. ಅದಕ್ಕೆ ವಾಸನೆ ಇದೆ, ರುಚಿ ಇದೆ. ರಾಡಿ ನೀರಿನಲ್ಲೂ ಮೀನು ಹುಡುಕಿಕೊಂಡು ಬರುತ್ತದೆ. ಈ ಗರಿಯ ನೊಣಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಮೀನು ಅದನ್ನು ಕಣ್ಣಿಂದ ನೋಡಬೇಕು. ಇದು ತನ್ನ ಊಟ ಎಂದು ನಂಬಬೇಕು. ಆಮೇಲೆ ಬಾಯಿ ತೆರೆಯಬೇಕು. ಸಾವಿರಾರು ಬಗೆಯ ನೊಣಗಳನ್ನು ಜನ ಕಟ್ಟಿದ್ದಾರೆ. ಇವತ್ತು, ಈ ಹೊತ್ತಿಗೆ, ಈ ನೀರಿಗೆ ಅವುಗಳಲ್ಲಿ ಯಾವುದು? ನನ್ನ ಮಾತು ಪೂರ್ತಿ ಈ ಒಂದು ಪ್ರಶ್ನೆಯ ಸುತ್ತ.

ಕೆಲಸದ ನಿಮಿತ್ತ ನಾನು ಕೆಲವು ವರ್ಷ ದಕ್ಷಿಣ ಇಂಗ್ಲೆಂಡಿನ ವಿಂಚೆಸ್ಟರ್ ಊರಿನಲ್ಲಿದ್ದೆ. ಊರಿನ ನಡುವೆ ಇಚೆನ್ ನದಿ ಹರಿಯುತ್ತದೆ. ಸುಣ್ಣದ ಬೆಟ್ಟಗಳ ಒಡಲಿಂದ ಒಸರುವ ನದಿ ಅದು. ಮಳೆನೀರು ಬಿಳಿ ಸುಣ್ಣಕಲ್ಲಿನೊಳಗೆ ಇಂಗಿ, ತಿಂಗಳುಗಟ್ಟಲೆ ಸೋಸಿ, ಊಟೆಯಾಗಿ ಹೊರಗೆ ಬರುತ್ತದೆ. ಊಟೆಯ ನೀರು ಬೇಸಿಗೆಗೂ ಚಳಿಗಾಲಕ್ಕೂ 10 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಎದೆಮಟ್ಟದ ನೀರಿನಲ್ಲೂ ತಳದ ಬೆಣಚುಕಲ್ಲುಗಳನ್ನು ಎಣಿಸಬಹುದು. ಗಾಳದ ಮೀನುಗಾರಿಕೆಯ ಬಗ್ಗೆ 1653ರಲ್ಲಿ ಪುಸ್ತಕ ಬರೆದು ಹೆಸರಾದ ಐಜಾಕ್ ವಾಲ್ಟನ್ ಅವರ ಸಮಾಧಿ ಈ ಊರಿನ ಕೆಥೀಡ್ರಲ್‌ನಲ್ಲೇ ಇದೆ.

ಮೊದಲ ವರ್ಷದ ಮೇ ತಿಂಗಳಲ್ಲಿ ನಾನು ಅಂಗಡಿಗೆ ಹೋಗಿ 3 ಡಜನ್ ನೊಣ ಕೊಂಡೆ. ಬಣ್ಣ ಕಂಡು ಆರಿಸಿದ್ದೆ. ಅಂದು ಚಳಿ, ಜಡಿಮಳೆ. ಮೀನುಗಳು ಕಣ್ಣ ಮುಂದೆಯೇ ಇದ್ದವು. ಮೇಲೆದ್ದು ಏನನ್ನೋ ತಿನ್ನುತ್ತಲೂ ಇದ್ದವು. ನಾನು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಂದಾದ ಮೇಲೊಂದು ನೊಣ ಬದಲಿಸಿದೆ. ಒಂದು ಮೀನೂ ತಿರುಗಿ ನೋಡಲಿಲ್ಲ.

ಆ ದಂಡೆಯನ್ನು ನೋಡಿಕೊಳ್ಳುವ ಹಿರಿಯರೊಬ್ಬರಿದ್ದರು. ಅಲ್ಲಿ ಇವರನ್ನು ರಿವರ್ ಕೀಪರ್ ಎನ್ನುತ್ತಾರೆ. ನಾನು ನನ್ನ ಡಬ್ಬಿ ತೆರೆದು ಅವರ ಮುಂದೆ ಹಿಡಿದೆ. ಅವರು ಡಬ್ಬಿ ನೋಡಲಿಲ್ಲ. ನನ್ನನ್ನು ಮರದ ಸೇತುವೆಯ ಹತ್ತಿರ ಕರೆದುಕೊಂಡು ಹೋದರು. ಸೇತುವೆಯ ಕೈಹಿಡಿಯ ಕೆಳಗೆ ಜೇಡರ ಬಲೆ ಕಟ್ಟಿತ್ತು. ಬಲೆಯಲ್ಲಿ ಹತ್ತಾರು ಸಣ್ಣ ಹುಳಗಳು ಸಿಕ್ಕಿಬಿದ್ದಿದ್ದವು. ಗೋಧಿಕಾಳಿಗಿಂತ ದೊಡ್ಡವಲ್ಲ. ರೆಕ್ಕೆ ಮಸಿಯಲ್ಲಿ ಅದ್ದಿ ತೆಗೆದ ಬಣ್ಣ. ಇದಕ್ಕೆ ಅಲ್ಲಿ ಐರನ್ ಬ್ಲೂ ಎಂದು ಹೆಸರು. ಚಳಿಮಳೆಯ ಒರಟು ದಿನಗಳಲ್ಲೇ ನೀರಿನಿಂದ ಏಳುವ ಹುಳ. ನನ್ನ ಡಬ್ಬಿಯಲ್ಲಿದ್ದವೆಲ್ಲ ಅದರ ಎರಡರಷ್ಟು ದೊಡ್ಡವು, ತಿಳಿ ಹಳದಿ ಬಣ್ಣದವು. ಅವರು ತಮ್ಮ ಟೋಪಿಯ ಅಂಚಿನಿಂದ ಒಂದು ಸಣ್ಣ ಕಪ್ಪು ನೊಣ ಕಿತ್ತು ಕೊಟ್ಟರು. ಎರಡನೆಯ ಎಸೆತಕ್ಕೇ ಮೀನು ಬಂತು. ನನ್ನ ಕೈ ನಡುಗಿ ದಾರ ಕಡಿಯಿತು. ಮೀನು ಹೋಯಿತು. ಪಾಠ ಮಾತ್ರ ಉಳಿಯಿತು.

ನೊಣ ಆರಿಸುವ ಕೆಲಸ ಡಬ್ಬಿಯಲ್ಲಿ ಶುರುವಾಗುವುದಿಲ್ಲ. ಮೀನು ಈಗ ಏನು ತಿನ್ನುತ್ತಿದೆ ಎಂಬುದರಿಂದ ಶುರುವಾಗುತ್ತದೆ. ಆದ್ದರಿಂದ ಮೊದಲು ಅದರ ಊಟದ ವಿಚಾರ.

ಟ್ರೌಟ್ ತಣ್ಣೀರಿನ ಮೀನು. ನೀರು 20 ಡಿಗ್ರಿ ದಾಟಿದರೆ ಅದಕ್ಕೆ ಉಸಿರುಗಟ್ಟುತ್ತದೆ. ನದಿಯಲ್ಲಿ ಅದು ಸುಮ್ಮನೆ ಅಲೆದಾಡುವುದಿಲ್ಲ. ಕಲ್ಲಿನ ಮರೆಯಲ್ಲೋ ಪಾಚಿಯ ಗೊಂಚಲಿನ ಪಕ್ಕದಲ್ಲೋ ಒಂದು ಜಾಗ ಹಿಡಿಯುತ್ತದೆ. ನೀರು ಬರುವ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತದೆ. ಊಟವನ್ನು ಹೊಳೆಯೇ ತಂದು ಬಡಿಸುತ್ತದೆ. ಆ ಊಟದಲ್ಲಿ ಹುಳಗಳದೇ ದೊಡ್ಡ ಪಾಲು. ಅವುಗಳಲ್ಲಿ ಮುಖ್ಯವಾದ ಮೂರು ಕುಲಗಳನ್ನು ರೆಕ್ಕೆಯಿಂದಲೇ ಗುರುತಿಸಬಹುದು.

ಒಂದು, ಮೇಫ್ಲೈ. ಕುಳಿತಾಗ ಇದರ ರೆಕ್ಕೆ ದೋಣಿಯ ಹಾಯಿಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಎರಡು, ಕ್ಯಾಡಿಸ್. ಇದರ ರೆಕ್ಕೆ ಗುಡಿಸಲಿನ ಮಾಡಿನ ಹಾಗೆ ಮೈಯ ಎರಡೂ ಬದಿಗೆ ಇಳಿಜಾರಾಗಿರುತ್ತದೆ. ಇದರ ಮರಿಹುಳು ಮರಳು, ಕಡ್ಡಿಗಳನ್ನು ಅಂಟಿಸಿಕೊಂಡು ತನಗೊಂದು ಗೂಡು ಕಟ್ಟಿಕೊಳ್ಳುತ್ತದೆ. ಆ ಗೂಡನ್ನು ಹೊತ್ತುಕೊಂಡೇ ತಿರುಗುತ್ತದೆ. ಮೂರು, ಸ್ಟೋನ್‌ಫ್ಲೈ. ಇದರ ರೆಕ್ಕೆ ಬೆನ್ನಿನ ಮೇಲೆ ಚಾಪೆ ಮಡಿಸಿ ಹಾಸಿದಂತೆ ಚಪ್ಪಟೆ. ಇದಕ್ಕೆ ಭೋರ್ಗರೆಯುವ, ಶುದ್ಧವಾದ, ತಣ್ಣನೆಯ ನೀರು ಬೇಕು. ಇವಲ್ಲದೆ ಸೊಳ್ಳೆಯಂತಹ ಪುಟ್ಟ ಮಿಡ್ಜ್‌ಗಳಿವೆ. ದಂಡೆಯಿಂದ ಜಾರಿ ಬೀಳುವ ಇರುವೆ, ಜೀರುಂಡೆ, ಮಿಡತೆಗಳಿವೆ. ಸಣ್ಣ ಮೀನು, ಸಿಗಡಿಗಳೂ ಇವೆ.

ಇವೆಲ್ಲ ದೂರ ದೇಶದ ಹುಳಗಳು ಎಂದುಕೊಳ್ಳಬೇಡಿ. ಮಲೆನಾಡಿನ ಯಾವುದಾದರೂ ತಿಳಿನೀರಿನ ಹಳ್ಳಕ್ಕೆ ಇಳಿಯಿರಿ. ಒಂದು ಕಲ್ಲನ್ನು ಮೆಲ್ಲಗೆ ಮಗುಚಿ ನೋಡಿ. ಕಲ್ಲಿಗೆ ಚಪ್ಪಟೆಯಾಗಿ ಅಂಟಿಕೊಂಡು ಬಾಲ ಆಡಿಸುವ ಸಣ್ಣ ಹುಳ ಕಂಡರೆ ಅದು ಮೇಫ್ಲೈಯ ಮರಿ. ಮರಳಿನ ಕೊಳವೆಯೊಳಗಿಂದ ತಲೆ ಹಾಕುವುದು ಕ್ಯಾಡಿಸ್. ನಮ್ಮ ಹಳ್ಳಗಳಲ್ಲಿ ಟ್ರೌಟ್ ಇಲ್ಲ ಅಷ್ಟೇ. ನೋಡಿದ ಮೇಲೆ ಕಲ್ಲನ್ನು ಮೊದಲಿದ್ದಂತೆಯೇ ಇಡಿ. ಅದು ಅವುಗಳ ಮನೆ.

ಮೇಫ್ಲೈಯ ಬದುಕನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನೊಣದ ಲೆಕ್ಕವೆಲ್ಲ ಅಲ್ಲಿಂದ ಹುಟ್ಟಿದೆ. ಇದರ ಮರಿಗೆ ನಿಂಫ್ ಎನ್ನುತ್ತಾರೆ. ನಿಂಫ್ ನೀರಿನ ತಳದಲ್ಲಿ ತಿಂಗಳುಗಟ್ಟಲೆ ಬಾಳುತ್ತದೆ. ಕೆಲವು ಜಾತಿಗಳಲ್ಲಿ ಎರಡು ವರ್ಷದವರೆಗೂ. ಒಂದು ದಿನ ಅದು ಈಜುತ್ತಾ ಮೇಲೆ ಬರುತ್ತದೆ. ನೀರಿನ ಮೇಲ್ಪದರದಲ್ಲಿ ಅದರ ಬೆನ್ನು ಸೀಳುತ್ತದೆ. ಒಳಗಿಂದ ರೆಕ್ಕೆಯ ಹುಳ ಹೊರಬರುತ್ತದೆ. ರೆಕ್ಕೆ ಒಣಗುವ ತನಕ ಅದು ನೀರಿನ ಮೇಲೆ ಪುಟ್ಟ ದೋಣಿಯಂತೆ ತೇಲಿಹೋಗುತ್ತದೆ. ಈ ಮಂಕುಬಣ್ಣದ ಹುಳಕ್ಕೆ ಡನ್ ಎಂದು ಹೆಸರು. ಅದು ಹಾರಿ ಗಿಡ ಸೇರುತ್ತದೆ. ಅಲ್ಲಿ ಇನ್ನೊಮ್ಮೆ ಪೊರೆ ಕಳಚುತ್ತದೆ. ರೆಕ್ಕೆ ಮೂಡಿದ ಮೇಲೂ ಪೊರೆ ಬಿಡುವ ಹುಳ ಲೋಕದಲ್ಲಿ ಇದೊಂದೇ. ಈಗ ಅದರ ರೆಕ್ಕೆ ಗಾಜಿನಂತೆ ಹೊಳೆಯುತ್ತದೆ. ಹೆಸರು ಸ್ಪಿನ್ನರ್. ಅದು ಏನನ್ನೂ ತಿನ್ನುವುದಿಲ್ಲ. ಕೂಡುತ್ತದೆ, ಮೊಟ್ಟೆ ಇಡುತ್ತದೆ, ರೆಕ್ಕೆ ಚಾಚಿಕೊಂಡು ನೀರಿಗೆ ಬಿದ್ದು ಸಾಯುತ್ತದೆ.

ಮೊದಲ ಮುಂಗಾರು ಮಳೆ ಬಿದ್ದ ಸಂಜೆ ನಮ್ಮಲ್ಲಿ ಮಳೆಹುಳ ಏಳುವುದನ್ನು ನೀವು ಕಂಡಿದ್ದೀರಿ. ಕೆಲವು ಕಡೆ ಈಸಲು ಎನ್ನುತ್ತಾರೆ. ನೆಲದ ಬಿರುಕಿನಿಂದ ಒಮ್ಮೆಗೇ ಸಾವಿರಾರು ಏಳುತ್ತವೆ. ದೀಪಕ್ಕೆ ಮುತ್ತುತ್ತವೆ. ಹಲ್ಲಿ, ಕಪ್ಪೆ, ಕಾಗೆ ಎಲ್ಲಕ್ಕೂ ಹಬ್ಬ. ಆ ಹೊತ್ತಿನಲ್ಲಿ ಹಲ್ಲಿ ಬೇರೆ ಯಾವುದರತ್ತಲೂ ತಿರುಗುವುದಿಲ್ಲ. ನದಿಯಲ್ಲಿ ಮೇಫ್ಲೈ ಏಳುವುದೂ ಹೀಗೆಯೇ. ಟ್ರೌಟ್ ಅದೊಂದನ್ನೇ ತಿನ್ನಲು ಶುರುಮಾಡುತ್ತದೆ. ಪಂಕ್ತಿಯಲ್ಲಿ ಹೋಳಿಗೆ ಬರುವ ಹೊತ್ತಿಗೆ ಅನ್ನದ ಪಾತ್ರೆ ತಂದವರತ್ತ ಎಲೆ ಮುಂದೆ ಕೂತವರು ನೋಡುವುದಿಲ್ಲ, ಅಲ್ಲವೇ?

ಹುಳ ಯಾವುದು ಎಂದು ತಿಳಿದರೆ ಅರ್ಧ ಕೆಲಸ ಮುಗಿಯಿತು. ಆದರೆ ಒಂದೇ ಹುಳಕ್ಕೆ ಮೂರು ವೇಷ ಎಂದು ಈಗ ಕೇಳಿದಿರಿ. ನೀರಿನೊಳಗೆ ನಿಂಫ್, ನೀರಿನ ಮೇಲೆ ಡನ್, ಸಾಯುವಾಗ ಸ್ಪಿನ್ನರ್. ಮೀನು ಯಾವ ವೇಷವನ್ನು ತಿನ್ನುತ್ತಿದೆ? ಈ ಒಂದು ಪ್ರಶ್ನೆಗಾಗಿ ಇಂಗ್ಲೆಂಡಿನಲ್ಲಿ ಅರ್ಧ ಶತಮಾನ ಜಗಳ ನಡೆಯಿತು.

ಫ್ರೆಡೆರಿಕ್ ಹಾಲ್ಫರ್ಡ್ ಎಂಬವರಿದ್ದರು. ತೇಲುವ ನೊಣಗಳ ಬಗ್ಗೆ 1886ರಲ್ಲಿ ಒಂದು ಪುಸ್ತಕ ಬರೆದರು. ಮೂರು ವರ್ಷದ ಮೇಲೆ ಇನ್ನೊಂದು ಬರೆದರು. ಅವರ ಮಾತು ಸ್ಪಷ್ಟ. ಮೀನು ಮೇಲೆದ್ದು ತಿನ್ನುವುದನ್ನು ಕಣ್ಣಾರೆ ನೋಡಿ. ಅದು ತಿನ್ನುವ ಹುಳ ಯಾವುದೆಂದು ಗುರುತಿಸಿ. ಅದರ ತದ್ರೂಪ ನೊಣವನ್ನು ನೀರಿನ ಮೇಲೆ ತೇಲಿಬಿಡಿ. ಅವರು ಹುಳಗಳನ್ನು ಹಿಡಿದು, ಬಣ್ಣ ಹೋಲಿಸಿ, ಗಂಡು ಹೆಣ್ಣಿಗೂ ಬೇರೆ ಬೇರೆ ನೊಣ ಕಟ್ಟಿದರು. ಕೊನೆಗೆ 1910ರಲ್ಲಿ ತಮ್ಮ ಉದ್ದ ಪಟ್ಟಿಯನ್ನು 33ಕ್ಕೆ ಇಳಿಸಿದರು. ಅವರ ಶ್ರದ್ಧೆ ದೊಡ್ಡದು. ಆದರೆ ಅವರ ಹಿಂಬಾಲಕರು ಅದನ್ನೊಂದು ಮಡಿಯಾಗಿ ಮಾಡಿಕೊಂಡರು. ಮುಳುಗುವ ನೊಣ ಹಾಕುವುದು ತಪ್ಪು ಎಂಬ ಮಟ್ಟಕ್ಕೆ ಹೋದರು.

ಇಚೆನ್ ದಂಡೆಯ ಮೇಲೆ, ವಿಂಚೆಸ್ಟರ್ ಊರಿನ ಪಕ್ಕದಲ್ಲೇ, ಇನ್ನೊಬ್ಬರು ಮೀನು ಹಿಡಿಯುತ್ತಿದ್ದರು. ಜಿ. ಇ. ಎಂ. ಸ್ಕ್ಯೂಸ್. ವೃತ್ತಿಯಲ್ಲಿ ವಕೀಲರು. ಚೆನ್ನಾಗಿ ತೇಲದ ನೊಣ ನೀರಿನೊಳಗೆ ಮುಳುಗಿದಾಗಲೂ ಮೀನು ಹಿಡಿಯುವುದನ್ನು ಅವರು ಗಮನಿಸಿದರು. ವಕೀಲರಲ್ಲವೇ, ಸಾಕ್ಷಿ ಹುಡುಕಿದರು. ಹಿಡಿದ ಮೀನಿನ ಹೊಟ್ಟೆಯಿಂದ ಸಣ್ಣ ಉದ್ದ ಚಮಚದಲ್ಲಿ ಊಟವನ್ನು ಹೊರತೆಗೆದರು. ಬಿಳಿ ತಟ್ಟೆಯ ನೀರಿನಲ್ಲಿ ಕಲಕಿ ನೋಡಿದರು. ನಿಂಫ್‌ಗಳು ರಾಶಿ ರಾಶಿಯಾಗಿದ್ದವು. ಮೀನು ಮೇಲೆದ್ದಂತೆ ಕಂಡಾಗಲೂ ಎಷ್ಟೋ ಸಲ ಅದು ನೀರಿನ ಪೊರೆಯ ಕೆಳಗಿದ್ದ ನಿಂಫನ್ನೇ ತಿಂದಿತ್ತು. ಇದನ್ನು 1910ರಲ್ಲಿ ಪುಸ್ತಕವಾಗಿ ಬರೆದರು. ಹಾಲ್ಫರ್ಡ್ ಪಂಥದವರು ಒಪ್ಪಲಿಲ್ಲ. 1938ರಲ್ಲಿ ಲಂಡನ್ನಿನ ಫ್ಲೈಫಿಷರ್ಸ್ ಕ್ಲಬ್ಬಿನಲ್ಲಿ ಇದರ ಮೇಲೆ ಚರ್ಚೆಯನ್ನೇ ಇಟ್ಟರು. ಸ್ಕ್ಯೂಸ್ ಆಗ 80ರ ಹೊಸ್ತಿಲಲ್ಲಿದ್ದರು. ಅಂದಿನ ಸಭೆ ಬಹುಪಾಲು ಅವರ ವಿರುದ್ಧವೇ ಇತ್ತು. ಇಂದು ನಿಂಫ್ ಕಟ್ಟದ ಮೀನುಗಾರ ಜಗತ್ತಿನಲ್ಲಿ ಸಿಗುವುದು ಕಷ್ಟ. ಆ ದಂಡೆಯ ಮೇಲೆ ನಡೆಯುವಾಗೆಲ್ಲ ನನಗೆ ಈ ಮುದುಕರ ಮೇಲೆ ಅಭಿಮಾನ ಉಕ್ಕುತ್ತಿತ್ತು. ಅವರು ಮೀನಿನ ಮಾತನ್ನು ಮನುಷ್ಯರ ಮಾತಿಗಿಂತ ಮೇಲಿಟ್ಟರು.

ಸ್ಕ್ಯೂಸ್ ಹಾಕಿದ ದಾರಿಯಲ್ಲಿ ಒಂದು ಹೆಜ್ಜೆ ಮುಂದೆ ಹೋದವರು ಫ್ರಾಂಕ್ ಸಾಯರ್. ಇವರು ಪುಸ್ತಕದ ಪಂಡಿತರಲ್ಲ. ವಿಲ್ಟ್‌ಷೈರ್‌ನ ಏವನ್ ನದಿಯ ಕಾವಲುಗಾರರು. ದಿನವೂ ನೀರನ್ನು ನೋಡುತ್ತಾ ಬಾಳಿದವರು. ನಿಂಫ್ ಈಜುವಾಗ ಕಾಲುಗಳನ್ನು ಮೈಗೆ ಒತ್ತಿಕೊಳ್ಳುತ್ತದೆ ಎಂದು ಅವರು ಕಂಡುಕೊಂಡರು. ಹಾಗಾದರೆ ಕಾಲಿನ ಗರಿಗಳೇ ಬೇಡ. ಫೆಸಂಟ್ ಹಕ್ಕಿಯ ಬಾಲದ ನಾಲ್ಕು ಕಂದು ಎಳೆ, ಕೂದಲಿನಷ್ಟು ತೆಳುವಾದ ತಾಮ್ರದ ತಂತಿ, ಅಷ್ಟೇ. ದಾರವೂ ಇಲ್ಲ. ತಂತಿಯೇ ದಾರ, ತಂತಿಯೇ ಭಾರ. ಎದೆಯ ಹತ್ತಿರ ತಂತಿಯನ್ನು ನಾಲ್ಕು ಸುತ್ತು ಹೆಚ್ಚು ಸುತ್ತಿ ಗುಬುಟು ಮಾಡಿದರು. ಅಲ್ಲಿ ನಿಂಫಿನ ರೆಕ್ಕೆ ಮೊಳೆಯುತ್ತಿರುತ್ತದೆ. ನೀರಿಗೆ ಬಿದ್ದೊಡನೆ ಮುಳುಗುತ್ತದೆ. ಮೀನಿನ ಹತ್ತಿರ ಬಂದಾಗ ಕೋಲಿನ ತುದಿಯನ್ನು ತುಸು ಎತ್ತಿದರೆ ಸಾಕು. ನಿಂಫ್ ಜೀವ ಬಂದಂತೆ ಮೇಲೇಳುತ್ತದೆ. ಫೆಸಂಟ್ ಟೇಲ್ ಎಂಬ ಈ ನೊಣ ಇಂದು ಟ್ರೌಟ್ ಇರುವ ಎಲ್ಲ ದೇಶಗಳಲ್ಲೂ ಇದೆ. ಒಂದೇ ನೊಣ ಕೊಂಡುಕೊಳ್ಳಿ ಎಂದು ಯಾರಾದರೂ ಹೇಳಿದರೆ ನಾನು ಇದನ್ನೇ ಕೊಳ್ಳುತ್ತೇನೆ.

ಇಷ್ಟು ಹೊತ್ತು ಹುಳದ ಕುಲ ಮತ್ತು ವೇಷದ ವಿಚಾರ ಕೇಳಿದಿರಿ. ಇನ್ನು ಪ್ರತಿ ಸಲವೂ ಹೊಟ್ಟೆ ಸೀಳಿ ನೋಡಲಾಗದು. ಇವತ್ತು ಎಷ್ಟೋ ಜನ ಮೀನನ್ನು ಹಿಡಿದು ಜೀವಂತ ಬಿಟ್ಟುಬಿಡುತ್ತಾರೆ. ಹಾಗಾದರೆ ಮೀನು ಏನು ತಿಂದಿತು ಎಂದು ದಂಡೆಯ ಮೇಲೆ ನಿಂತು ತಿಳಿಯುವುದು ಹೇಗೆ? ನೀರಿನ ಮೇಲಿನ ಗುರುತು ನೋಡಬೇಕು. ಕಿವಿಯನ್ನೂ ಕೊಡಬೇಕು.

ಮೀನಿನ ಮೂತಿ ನೀರಿನಿಂದ ಹೊರಗೆ ಕಂಡು, ಹಿಂದೆ ಒಂದು ಗುಳ್ಳೆ ಉಳಿದರೆ ಅದು ತೇಲುವ ಹುಳವನ್ನೇ ತಿಂದಿದೆ. ಗಾಳಿಯನ್ನೂ ಒಳಗೆಳೆದುಕೊಂಡದ್ದರಿಂದ ಆ ಗುಳ್ಳೆ. ಮೂತಿ ಕಾಣದೆ ಬೆನ್ನು ಅಥವಾ ಬಾಲದ ತುದಿ ಮಾತ್ರ ಉರುಳಿದಂತೆ ಕಂಡರೆ ಅದು ಪೊರೆಯ ಕೆಳಗಿನ ನಿಂಫನ್ನು ತಿನ್ನುತ್ತಿದೆ. ಆಗ ತೇಲುವ ನೊಣ ಹಾಕಿ ಪ್ರಯೋಜನವಿಲ್ಲ. ನೀರು ಚಿಮ್ಮಿ ಸದ್ದಾದರೆ ಅದು ಓಡುವ ಹುಳವನ್ನು ಅಟ್ಟಿದೆ. ಬಹುಶಃ ಕ್ಯಾಡಿಸ್. ಸಂಜೆ ಸದ್ದಿಲ್ಲದೆ, ಮಳೆಹನಿ ಬಿದ್ದಷ್ಟೇ ಸಣ್ಣ ಬಳೆ ಮೂಡಿದರೆ ಅದು ಸತ್ತ ಸ್ಪಿನ್ನರ್‌ಗಳನ್ನು ಹೀರುತ್ತಿದೆ. ಓಡಿಹೋಗದ ಊಟಕ್ಕೆ ಮೀನು ಅವಸರ ಮಾಡುವುದಿಲ್ಲ. ಸಣ್ಣ ಬಳೆ ಕಂಡು ಸಣ್ಣ ಮೀನು ಎಂದುಕೊಳ್ಳಬೇಡಿ. ನಾನು ಕಂಡ ದೊಡ್ಡ ಮೀನುಗಳೆಲ್ಲ ಇಂತಹ ಬಳೆಗಳ ಕೆಳಗೇ ಇದ್ದವು.

ಕುಲ ತಿಳಿಯಿತು, ವೇಷ ತಿಳಿಯಿತು, ನೀರಿನ ಗುರುತೂ ತಿಳಿಯಿತು. ಈಗ ಡಬ್ಬಿ ತೆರೆಯೋಣ. ಅದೇ ವೇಷದ ಹತ್ತು ನೊಣಗಳಲ್ಲಿ ಯಾವುದು? ನನ್ನ ಕ್ರಮ ಹೀಗೆ: ಮೊದಲು ಗಾತ್ರ, ಆಮೇಲೆ ಆಕಾರ, ಕೊನೆಗೆ ಬಣ್ಣ.

ಗಾತ್ರದ ಲೆಕ್ಕ ತಲೆಕೆಳಗು. ಗಾಳದ ನಂಬರು ಏರಿದಂತೆ ಗಾಳ ಸಣ್ಣದಾಗುತ್ತದೆ. 10ನೇ ನಂಬರಿನದು ದೊಡ್ಡ ಮೇಫ್ಲೈಗೆ. 18 ಎಂದರೆ ಅಕ್ಕಿಕಾಳು. 20 ಎಂದರೆ ಜೀರಿಗೆ. ಅನುಮಾನ ಬಂದಾಗ ಒಂದು ನಂಬರು ಸಣ್ಣದನ್ನೇ ಹಾಕಿ. ಗಾಳಿಯಲ್ಲಿ ಹಾರುವ ಹುಳ ನಮ್ಮ ಕಣ್ಣಿಗೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅಂಗೈಯಲ್ಲಿ ಹಿಡಿದಾಗಲೇ ಅದರ ನಿಜ ಅಳತೆ.

ಆಕಾರ ಏಕೆ ಮುಖ್ಯ? ಮೀನು ಕೆಳಗಿಂದ ನೋಡುತ್ತದೆ. ಮೇಲಿನ ಲೋಕ ಅದಕ್ಕೆ ಒಂದು ದುಂಡು ಗವಾಕ್ಷಿಯಲ್ಲಿ ಮಾತ್ರ ಕಾಣುತ್ತದೆ. ನೀರಿಗೆ ಬರುವ ಬೆಳಕು ಬಾಗುವುದೇ ಇದಕ್ಕೆ ಕಾರಣ. ಒಂದು ಅಡಿ ಆಳದಲ್ಲಿರುವ ಮೀನಿಗೆ ಈ ಗವಾಕ್ಷಿಯ ಅಗಲ ಸುಮಾರು ಎರಡು ಕಾಲು ಅಡಿ. ಅದರಾಚೆ ನೀರಿನ ಮೇಲ್ಮೈ ಕನ್ನಡಿಯ ಹಾಗೆ ತಳವನ್ನೇ ತೋರಿಸುತ್ತದೆ. ತೇಲಿ ಬರುವ ನೊಣ ಮೊದಲು ಈ ಕನ್ನಡಿಯ ಮೇಲೆ ಇರುತ್ತದೆ. ಆಗ ಮೀನಿಗೆ ಕಾಣುವುದು ಹುಳದ ಕಾಲು ಒತ್ತಿ ಆದ ಸಣ್ಣ ಕುಳಿಗಳ ಮಿನುಗು ಮಾತ್ರ. ಇನ್ನೂ ಹತ್ತಿರ ಬಂದಾಗ ಗವಾಕ್ಷಿಯ ಅಂಚಿನಲ್ಲಿ ಮೊದಲು ರೆಕ್ಕೆ ಕಾಣುತ್ತದೆ. ಆಮೇಲೆ ಮೈ. ಮೀನು ಇಷ್ಟರಲ್ಲೇ ತೀರ್ಮಾನಿಸಬೇಕು. ಡನ್ ಕಾಲೂರಿ ನಿಂತಿರುತ್ತದೆ, ರೆಕ್ಕೆ ಎತ್ತಿರುತ್ತದೆ. ಸ್ಪಿನ್ನರ್ ಮಲಗಿರುತ್ತದೆ, ರೆಕ್ಕೆ ಚಾಚಿರುತ್ತದೆ. ಮಲಗಿದ ಹುಳವನ್ನು ತಿನ್ನುವ ಮೀನಿಗೆ ನಿಂತ ನೊಣ ತೋರಿಸಬಾರದು.

ಬಣ್ಣವನ್ನು ಕೊನೆಗಿಟ್ಟೆ. ಬೆಳಕಿಗೆ ಎದುರಾಗಿ ನೋಡಿದಾಗ ಯಾವ ವಸ್ತುವೂ ನೆರಳಾಗಿಯೇ ಕಾಣುತ್ತದೆ. ಆದರೆ ಬಣ್ಣ ಲೆಕ್ಕಕ್ಕಿಲ್ಲ ಎಂದಲ್ಲ. ಇಚೆನ್‌ನಲ್ಲಿ ಬೇಸಿಗೆಯ ಸಂಜೆ ಬ್ಲೂ ವಿಂಗ್ಡ್ ಆಲಿವ್ ಎಂಬ ಮೇಫ್ಲೈ ಏಳುತ್ತದೆ. ಅದರ ಮೈ ಹಸಿರು ಬೆರೆತ ಕಂದು. ಸ್ಕ್ಯೂಸ್ ಅದಕ್ಕೆ ಆರೆಂಜ್ ಕ್ವಿಲ್ ಎಂಬ ಕಿತ್ತಳೆ ಬಣ್ಣದ ನೊಣ ಹಾಕಿ ಮೀನು ಹಿಡಿಯುತ್ತಿದ್ದರು. ಮುಳುಗುವ ಸೂರ್ಯನ ಬೆಳಕಿನಲ್ಲಿ ಮೀನಿಗೆ ಅದು ಹೇಗೆ ಕಾಣುತ್ತದೋ! ಅಲ್ಲಿ ಮಾತ್ರ ನಾನು ನನ್ನ ಕ್ರಮವನ್ನು ಬದಿಗಿಟ್ಟು ಅವರ ಮಾತು ಕೇಳುತ್ತೇನೆ.

ಬಣ್ಣದ ಮಾತು ಬಂದಾಗ ಒಂದು ವಿಷಯ ನಿಮಗೆ ಹೇಳಲೇಬೇಕು. ಈ ನೊಣಗಳ ಮೈಯಲ್ಲಿ ನಮ್ಮ ದೇಶವಿದೆ. ನವಿಲುಗರಿಯ ಎಳೆಯಿಲ್ಲದೆ ಎಷ್ಟೋ ಹೆಸರಾಂತ ನೊಣಗಳೇ ಇಲ್ಲ. ಹಸಿರು, ತಾಮ್ರ, ನೀಲಿ ಒಟ್ಟಿಗೆ ಮಿನುಗುವ ಆ ಎಳೆ ನೀರಿನಲ್ಲಿ ಜೀವಂತ ಹುಳದ ಮೈಯಂತೆ ಹೊಳೆಯುತ್ತದೆ. ಪಶ್ಚಿಮ ಘಟ್ಟದ ಬೂದು ಕಾಡುಕೋಳಿಯನ್ನು ನೀವು ಕಂಡಿರಬಹುದು. ಅದರ ಹುಂಜದ ಕತ್ತಿನ ಗರಿಯಲ್ಲಿ ಮೇಣ ತೊಟ್ಟಿಕ್ಕಿದಂತಹ ಬೆಳ್ಳನೆಯ ಚುಕ್ಕೆಗಳಿವೆ. ಇಂಗ್ಲೆಂಡಿನವರು ಆ ಚುಕ್ಕೆಗೆ ಮರುಳಾಗಿ ಒಂದು ಕಾಲದಲ್ಲಿ ಗರಿಗಳನ್ನು ಹಡಗಿನಲ್ಲಿ ತರಿಸಿಕೊಂಡರು. ಈಗ ಈ ಹಕ್ಕಿಗೆ ನಮ್ಮ ಕಾನೂನಿನ ರಕ್ಷಣೆ ಇದೆ. ರಫ್ತು ನಿಂತಿದೆ. ಅಲ್ಲಿಯವರು ಸಾಕಿದ ಹಕ್ಕಿಗಳ ಗರಿ ಬಳಸುತ್ತಾರೆ. ನಿಲ್ಲಬೇಕಾದ್ದೇ ನಿಂತಿತು. ಒಂದು ಮೀನಿನ ಸಲುವಾಗಿ ಒಂದು ಕಾಡಿನ ಕೂಗು ಅಡಗಬಾರದು.

ಮತ್ತೆ ವಿಷಯಕ್ಕೆ ಬರೋಣ. ಗಾತ್ರ, ಆಕಾರ, ಬಣ್ಣ. ಇದುವರೆಗೆ ಹೇಳಿದ್ದು ಇಂಗ್ಲೆಂಡಿನ ಶಾಂತ ನದಿಯ ಲೆಕ್ಕ. ನೀರು ಬದಲಾದರೆ ಲೆಕ್ಕವೂ ಬದಲಾಗುತ್ತದೆ.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಕ್ಯಾಟ್ಸ್‌ಕಿಲ್ ಎಂಬ ಬೆಟ್ಟಸಾಲು ಇದೆ. ಅಲ್ಲಿನ ಥಿಯೊಡೋರ್ ಗಾರ್ಡನ್ ಎಂಬವರು ಹಾಲ್ಫರ್ಡ್ ಅವರಿಗೆ ಪತ್ರ ಬರೆದರು. 1890ರಲ್ಲಿ ಹಾಲ್ಫರ್ಡ್ ತಮ್ಮ ನೊಣಗಳ ಮಾದರಿ ಕಳಿಸಿಕೊಟ್ಟರು. ಅಮೆರಿಕದ ಬೆಟ್ಟದ ಹೊಳೆಗಳು ಬಂಡೆಯ ಮೇಲೆ ಧುಮುಕುವಂಥವು. ಅಲ್ಲಿನ ಹುಳಗಳೂ ಬೇರೆ. ಗಾರ್ಡನ್ ಆ ಮಾದರಿಗಳನ್ನು ನಕಲು ಮಾಡುತ್ತಾ ಕೂರಲಿಲ್ಲ. ತಮ್ಮ ಹೊಳೆಯ ಹುಳ ನೋಡಿದರು. ಗಟ್ಟಿ ಗರಿಯ, ಒರಟು ನೀರಿನಲ್ಲೂ ತೇಲಿ ನಿಲ್ಲುವ ನೊಣ ಕಟ್ಟಿದರು. ಕ್ವಿಲ್ ಗಾರ್ಡನ್ ಎಂದು ಅದಕ್ಕೆ ಇಂದೂ ಅವರದೇ ಹೆಸರು.

ಓಡುವ ನೀರಿನಲ್ಲಿ ಮೀನಿಗೆ ಪರೀಕ್ಷಿಸುವ ಪುರುಸೊತ್ತಿಲ್ಲ. ಹಿಡಿಯಬೇಕು, ಇಲ್ಲವೇ ಬಿಡಬೇಕು. ಆದ್ದರಿಂದ ಅಲ್ಲಿ ತದ್ರೂಪಕ್ಕಿಂತ ಹೋಲಿಕೆ ಸಾಕು. ಮಿಷಿಗನ್ ರಾಜ್ಯದ ಲೆನ್ ಹ್ಯಾಲಡೇ 1922ರಲ್ಲಿ ಕಟ್ಟಿದ ಆಡಮ್ಸ್ ಅಂಥ ನೊಣ. ಬೂದು ಮೈ, ಕಂದು ಮತ್ತು ಬಿಳಿಪಟ್ಟೆಯ ಗರಿಗಳ ಮಿಶ್ರಣ. ಅದು ಯಾವ ಒಂದು ಹುಳದ ನಕಲೂ ಅಲ್ಲ, ಹತ್ತು ಹುಳಗಳ ನೆರಳು. ಕ್ಯಾಡಿಸ್‌ಗೆ ಎಲ್ಕ್ ಹೇರ್ ಕ್ಯಾಡಿಸ್ ಇದೆ. ಎಲ್ಕ್ ಎಂಬ ದೊಡ್ಡ ಜಿಂಕೆಯ ಕೂದಲು ಟೊಳ್ಳು. ಒಳಗೆ ಗಾಳಿ ಇರುವುದರಿಂದ ಎಷ್ಟು ಒದ್ದೆಯಾದರೂ ತೇಲುತ್ತದೆ. ಜಪಾನಿನ ಬೆಟ್ಟದ ಹಳ್ಳಗಳಲ್ಲಿ ಟೆಂಕಾರಾ ಎಂಬ ಪದ್ಧತಿ ಇದೆ. ರಾಟೆಯಿಲ್ಲದ ಉದ್ದ ಕೋಲು, ತುದಿಗೆ ಕಟ್ಟಿದ ದಾರ, ಕೆಬಾರಿ ಎಂಬ ನೊಣ. ಎಷ್ಟೋ ಕೆಬಾರಿಗಳ ಗರಿ ಮುಂದಕ್ಕೆ ಬಾಗಿರುತ್ತದೆ. ದಾರ ಮಿಡಿದರೆ ಗರಿ ತೆರೆದು ಮುಚ್ಚುತ್ತದೆ. ಒಂದೇ ಕೆಬಾರಿಯಿಂದ ಇಡೀ ವರ್ಷ ಮೀನು ಹಿಡಿಯುವವರಿದ್ದಾರೆ. ಅವರು ನೊಣ ಆರಿಸುವುದಿಲ್ಲ, ನೊಣದ ನಡೆಯನ್ನು ಆರಿಸುತ್ತಾರೆ.

ಭಾರತದಲ್ಲಿ ಟ್ರೌಟ್ ಹುಟ್ಟುಮೀನಲ್ಲ. ಬ್ರಿಟಿಷರು ತಂದು ಬಿಟ್ಟದ್ದು. 1900ರ ಸುಮಾರಿಗೆ ಸ್ಕಾಟ್ಲೆಂಡಿನ ಮೊಟ್ಟೆಗಳಿಂದ ಕಾಶ್ಮೀರದಲ್ಲಿ ಬ್ರೌನ್ ಟ್ರೌಟ್ ನೆಲೆಯಾಯಿತು. ನಮಗೆ ಹತ್ತಿರವೆಂದರೆ ನೀಲಗಿರಿ. ಮೈಸೂರಿನಿಂದ ಬಂಡೀಪುರ, ಗೂಡಲೂರು ದಾಟಿ ಏರಿದರೆ ಊಟಿ. ಅದರಾಚೆ ಅವಲಾಂಚಿಯಲ್ಲಿ 1907ರಲ್ಲಿ ಮರಿಮಾಡುವ ಕೇಂದ್ರ ತೆರೆದರು. ಅಲ್ಲಿಯದು ರೇನ್‌ಬೋ ಟ್ರೌಟ್. ಹಿಮ ಕರಗಿ ಕಾಶ್ಮೀರದ ಲಿದ್ದರ್ ನದಿ ಬಣ್ಣಗೆಟ್ಟು ಹರಿಯುವಾಗ ಅಕ್ಕಿಕಾಳಿನ ನೊಣ ಮೀನಿಗೆ ಕಾಣುವುದೇ ಇಲ್ಲ. ಆಗ ದೊಡ್ಡದು, ಕಪ್ಪು ಬಣ್ಣದ್ದು, ತಳಕ್ಕೆ ಮುಳುಗುವಂಥದ್ದು ಬೇಕು. ನೀರು ತಿಳಿಯಾದ ಮೇಲೆ ಮತ್ತೆ ಸಣ್ಣದು. ಹುಲ್ಲುದಂಡೆಯ ಮೇಲೆ ಬಿಸಿಲು, ಗಾಳಿ ಇದ್ದರೆ ಇರುವೆ, ಮಿಡತೆ. ಇಂಗ್ಲೆಂಡಿನಲ್ಲೂ ಆಗಸ್ಟ್ ತಿಂಗಳ ಸೆಕೆಯ ದಿನ ರೆಕ್ಕೆ ಇರುವೆಗಳು ನೀರಿಗೆ ಉದುರಿದರೆ ಮೀನು ಬೇರೇನನ್ನೂ ಮುಟ್ಟುವುದಿಲ್ಲ.

ಊಟ, ವೇಷ, ಗುರುತು, ಅಳತೆ, ನೀರಿನ ಸ್ವಭಾವ, ಇಷ್ಟೂ ಆಯಿತು. ಸರಿಯಾದ ನೊಣವನ್ನೇ ಕಟ್ಟಿದ್ದೀರಿ. ಮೀನು ಮೇಲೆ ಬಂದಿತು, ನೋಡಿತು, ತಿರುಗಿ ಹೋಯಿತು. ಎಲ್ಲರ ಕೈಯೂ ಆಗ ಡಬ್ಬಿಗೆ ಹೋಗುತ್ತದೆ. ತಡೆಯಿರಿ. ಮೊದಲು ನೊಣದ ನಡೆ ನೋಡಿ. ನಿಜವಾದ ಹುಳ ನೀರಿನ ವೇಗದಲ್ಲೇ ತೇಲುತ್ತದೆ. ನಿಮ್ಮ ದಾರ ನಡುಹೊಳೆಯ ಜೋರು ನೀರಿನ ಮೇಲೆ ಬಿದ್ದಿದ್ದರೆ ಅದು ನೊಣವನ್ನು ಎಳೆಯುತ್ತದೆ. ನೊಣದ ಹಿಂದೆ ಕೂದಲೆಳೆಯಷ್ಟು ಗೆರೆ ಮೂಡುತ್ತದೆ. ನಮಗದು ಕಾಣದಿದ್ದರೂ ಮೀನಿಗೆ ಕಾಣುತ್ತದೆ. ಎಳೆತವಿಲ್ಲದೆ ತೇಲಿದ ಒರಟು ನೊಣಕ್ಕೆ ಬಂದ ಮೀನು, ಎಳೆದಾಡುವ ಅಂದದ ನೊಣಕ್ಕೆ ಬಂದದ್ದನ್ನು ನಾನು ಕಂಡಿಲ್ಲ. ಎರಡು ಹೆಜ್ಜೆ ಜಾಗ ಬದಲಿಸಿ. ದಾರವನ್ನು ಸಡಿಲವಾಗಿ ಬೀಳಿಸಿ. ಆಮೇಲೂ ಬೇಡವೆಂದರೆ ಅದೇ ನೊಣದ ಸಣ್ಣ ಗಾತ್ರ. ಅದೂ ಬೇಡವೆಂದರೆ ಬೇರೆ ವೇಷ. ಬೇರೆ ಬಣ್ಣಕ್ಕೆ ಹೋಗುವುದು ಆಮೇಲಿನ ಮಾತು.

ವಿಂಚೆಸ್ಟರ್ ಬಿಡುವ ಮುಂಚಿನ ಕೊನೆಯ ಜುಲೈ ತಿಂಗಳ ಒಂದು ಸಂಜೆಯನ್ನು ಹೇಳಿ ಮುಗಿಸುತ್ತೇನೆ. ಒಂಬತ್ತು ಗಂಟೆ. ಅಲ್ಲಿ ಬೇಸಿಗೆಯಲ್ಲಿ ಅಷ್ಟು ಹೊತ್ತಿಗೂ ಬೆಳಕಿರುತ್ತದೆ. ಮರದ ಸೇತುವೆಯ ಕೆಳಗಡೆ, ದಂಡೆಯಿಂದ ಒಂದು ಮೊಳ ದೂರದಲ್ಲಿ, ಮಳೆಹನಿಯಂತಹ ಬಳೆ ಮೂಡುತ್ತಿತ್ತು. ಸದ್ದಿಲ್ಲ. ಹತ್ತು ಎಣಿಸುವಷ್ಟರಲ್ಲಿ ಇನ್ನೊಂದು. ಸೇತುವೆಯ ಬಲೆ ನೋಡಿದೆ. ಕೆಂಪು ಕಂದು ಮೈಯ, ಗಾಜಿನ ರೆಕ್ಕೆಯ ಸ್ಪಿನ್ನರ್‌ಗಳು. 14ನೇ ನಂಬರಿನದು ಹಾಕಿದೆ. ಮೀನು ಮೇಲೆ ಬಂದು, ನೊಣದ ಕೆಳಗೇ ಒಂದು ಗೇಣು ಹಿಂದಕ್ಕೆ ತೇಲಿ, ಇಳಿದುಹೋಯಿತು. ಎರಡು ಹೆಜ್ಜೆ ಮೇಲಕ್ಕೆ ನಡೆದೆ. ದಾರದ ಎಳೆತ ತಪ್ಪಿಸಿದೆ. ಮತ್ತೆ ಬಂತು, ಮತ್ತೆ ಹೋಯಿತು. 16ನೇ ನಂಬರಿನದು ಕಟ್ಟಿದೆ. ಐದು ನಿಮಿಷ ಸುಮ್ಮನೆ ಕೂತೆ. ಬಳೆ ಮತ್ತೆ ಶುರುವಾಯಿತು. ನೊಣ ಬಿದ್ದದ್ದು ನನಗೆ ಕಾಣಲಿಲ್ಲ. ಬಳೆ ಮಾತ್ರ ಕಂಡಿತು. ಕೋಲೆತ್ತಿದೆ.

ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದದ ಮೀನು. ಪಕ್ಕೆಯ ಮೇಲೆ ಕುಂಕುಮದ ಬೊಟ್ಟಿನಂತಹ ಚು‍ಕ್ಕೆಗಳು. ಕೈಬಲೆಯಲ್ಲಿ ನೀರಿಗೆ ಎದುರಾಗಿ ಹಿಡಿದುಕೊಂಡೆ. ಕಿವಿರು ನಿಧಾನವಾಗಿ ಆಡಿತು. ಆಮೇಲೆ ಕೈಗೆ ಒಂದು ಒದೆ ಕೊಟ್ಟು ಹೋಯಿತು. ನೊಣ ನೆನೆದು ಮುದುಡಿತ್ತು. ಅಂಗಿಗೆ ಒತ್ತಿ ಒಣಗಿಸಲು ನೋಡಿದೆ. ಅದು ಇನ್ನು ತೇಲುವಂತಿರಲಿಲ್ಲ. ಆಚೆ ದಂಡೆಯ ಕೆಳಗೆ ಇನ್ನೊಂದು ಬಳೆ ಮೂಡಿತು. ಬೇರೆ ನೊಣ ತೆಗೆದೆ. ಆಕಾಶದ ಕಡೆಗೆ ಹಿಡಿದು ಅದರ ಕಣ್ಣು ಹುಡುಕಿದೆ. ದಾರ ಪೋಣಿಸುವಷ್ಟು ಬೆಳಕು ಉಳಿದಿರಲಿಲ್ಲ.